ಬುಗುರಿ ಬೀಳುತ್ತಲೇ ಇರುತ್ತದೆ, ಆದರೆ ಪಕ್ಕಕ್ಕೆ

(ಆರರಿಂದ ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಮಕ್ಕಳು ಹೇಳಿದ್ದನ್ನೂ ಉಳಿಸಿಕೊಂಡಿದ್ದೇನೆ.)

ಈ ಬುಗುರಿ ನೋಡಿ. ಇದು ಬೆರಳಲ್ಲಿ ತಿರುಗಿಸುವ ಚನ್ನಪಟ್ಟಣದ ಬಣ್ಣದ ಬುಗುರಿಯಲ್ಲ. ಅದನ್ನೂ ತಂದಿದ್ದೇನೆ, ಆಮೇಲೆ ತೋರಿಸುತ್ತೇನೆ. ಇದು ಜಾತ್ರೆಯಲ್ಲಿ ಕೊಂಡ ಮೊಳೆ ಬುಗುರಿ. ಚಾಟಿ ಸುತ್ತಿ ಬೀಸಬೇಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಇಂಥದ್ದೇ ಒಂದನ್ನು ಮಳೆ ಅಂತ ಪಡಸಾಲೆಯೊಳಗೆ ಬೀಸಿದೆ, ಚಾಟಿ ಬಿಚ್ಚಿಕೊಳ್ಳಲಿಲ್ಲ, ಬುಗುರಿ ಹಾಗೇ ಮೇಲೆ ಹಾರಿ ಗೂಟಕ್ಕೆ ತಗುಲಿಹಾಕಿದ್ದ ಲಾಟೀನಿನ ಗಾಜಿಗೆ ಹೊಡೆಯಿತು. ಅಜ್ಜಿ ಬೈಯಲಿಲ್ಲ. ಬುಗುರಿಯನ್ನು ಸುಮ್ನೆ ನೀರೊಲೆಗೆ ಹಾಕಿಬಿಟ್ಟರು. ಅದಕ್ಕೇ ಇವತ್ತು ಮುಂದಿನ ಸಾಲಿನವರು ಸ್ವಲ್ಪ ಹಿಂದೆ ಸರಿದು ಕೂತರೆ ಒಳ್ಳೆಯದು.

ಮೊದಲು ಒಂದು ಕೆಲಸ. ಯಾರಾದರೂ ಬಂದು ಈ ಬುಗುರಿಯನ್ನು ತಿರುಗಿಸದೆ ಮೊಳೆಯ ಮೇಲೆ ನಿಲ್ಲಿಸಿ. ಆಗಲ್ಲ ಅಲ್ವಾ? ಮೂರು ಜನ ಬಂದು ನೋಡಿದಿರಿ, ಮೂವರದ್ದೂ ಬಿತ್ತು. ಈಗ ನಾನು ಬೀಸುತ್ತೇನೆ. ನೋಡಿ, ಗುಂಯ್ ಅಂತ ನಿಂತೇ ಇದೆ. ಅದೇ ಬುಗುರಿ, ಅದೇ ಮೊಳೆ, ಅದೇ ನೆಲ. ಯಾಕೆ ಬೀಳಲಿಲ್ಲ?

"ಜೋರಾಗಿ ತಿರುಗ್ತಾ ಇದೆ ಸಾರ್, ಅದಕ್ಕೆ." ಸರಿ, ಆದರೆ ಅದು ನನ್ನ ಪ್ರಶ್ನೆಯನ್ನೇ ನನಗೆ ವಾಪಸ್ ಕೊಟ್ಟ ಹಾಗಾಯಿತು. ತಿರುಗಿದರೆ ಯಾಕೆ ಬೀಳಬಾರದು? "ಗಾಳಿ ಹಿಡ್ಕೊಳ್ಳುತ್ತೆ ಸಾರ್." ಚೆನ್ನಾಗಿ ಯೋಚಿಸಿದ್ದೀಯ. ಆದರೆ ಗಾಳಿಯನ್ನೆಲ್ಲ ತೆಗೆದ ಡಬ್ಬಿಯೊಳಗೂ ಬುಗುರಿ ನಿಲ್ಲುತ್ತದೆ, ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತದೆ. "ತಿರುಗುವಾಗ ತೂಕ ಕಮ್ಮಿ ಆಗುತ್ತೆ." ಈ ಉತ್ತರಕ್ಕೆ ನಗಬೇಡಿ. 1989ರಲ್ಲಿ ಜಪಾನಿನ ಇಬ್ಬರು ವಿಜ್ಞಾನಿಗಳು ತಿರುಗುವ ಚಕ್ರವನ್ನು ತಕ್ಕಡಿಯಲ್ಲಿ ತೂಗಿ, ಒಂದು ದಿಕ್ಕಿಗೆ ತಿರುಗಿದರೆ ತೂಕ ಒಂಚೂರು ಕಡಿಮೆ ಬರುತ್ತದೆ ಅಂತ ದೊಡ್ಡ ವಿಜ್ಞಾನ ಪತ್ರಿಕೆಯಲ್ಲೇ ಬರೆದರು. ಬೇರೆಯವರು ಅದನ್ನೇ ಮಾಡಿ ನೋಡಿದರು, ಅಂಥದ್ದೇನೂ ಕಾಣಲಿಲ್ಲ. ತೂಕ ಅಷ್ಟೇ ಇರುತ್ತದೆ. ಭೂಮಿ ಆ ಬುಗುರಿಯನ್ನು ಮೊದಲಿನಷ್ಟೇ ಜೋರಾಗಿ ಎಳೆಯುತ್ತಿದೆ.

ಹಾಗಾದರೆ ನನ್ನ ಉತ್ತರ ಏನು? ಬುಗುರಿ ಬೀಳುತ್ತಿದೆ. ಈಗಲೂ ಬೀಳುತ್ತಲೇ ಇದೆ. ಆದರೆ ಕೆಳಕ್ಕಲ್ಲ, ಪಕ್ಕಕ್ಕೆ. ಇದೇನು ಒಗಟು ಅಂತ ಅನ್ನಿಸಿದರೆ ಅನ್ನಿಸಲಿ, ಅಲ್ಲಿಗೆ ಹೋಗುವ ಮುಂಚೆ ಎರಡು ಆಟ ಆಡೋಣ.

ಈ ಹಲಗೆಯ ಒಂದು ತುದಿಗೆ ಎರಡು ಪುಸ್ತಕ ಒತ್ತು ಕೊಟ್ಟು ಇಳಿಜಾರು ಮಾಡಿದ್ದೇನೆ. ಒಂದು ಕೈಯಲ್ಲಿ ಗೋಲಿ, ಇನ್ನೊಂದರಲ್ಲಿ ಬಳೆ. ಗಾಜಿನ ಬಳೆ ಅಲ್ಲ, ಲೋಹದ್ದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ಕೆಳಗೆ ಬರುತ್ತದೆ? ಕೈ ಎತ್ತಿ. ಬಳೆಗೆ ಜಾಸ್ತಿ ಕೈ. ದೊಡ್ಡದು, ಗುಂಡಗಿದೆ, ಓಡುತ್ತದೆ ಅಂತ ನಿಮ್ಮ ಲೆಕ್ಕ. ಬಿಡುತ್ತೇನೆ. ಗೋಲಿ ಗೆದ್ದಿತು. ಇನ್ನೊಮ್ಮೆ? ಗೋಲಿಯೇ. ಈಗ ಸಣ್ಣ ಬಳೆ, ದೊಡ್ಡ ಬಳೆ ಬಿಡೋಣ. ಎರಡೂ ಹೆಚ್ಚುಕಮ್ಮಿ ಒಟ್ಟಿಗೆ ಬಂದವು. ಗಾಜಿನ ಗೋಲಿ, ಸೈಕಲ್ ರಿಪೇರಿ ಅಂಗಡಿಯಲ್ಲಿ ಸಿಕ್ಕಿದ ಕಬ್ಬಿಣದ ಗುಂಡು ಬಿಟ್ಟರೆ? ಅವೂ ಒಟ್ಟಿಗೆ. ಅಂದರೆ ತೂಕ ಎಷ್ಟು, ಗಾತ್ರ ಎಷ್ಟು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಆ ತೂಕ ಎಲ್ಲಿ ಕೂತಿದೆ ಅನ್ನುವುದು. ಬಳೆಯ ತೂಕವೆಲ್ಲ ಅಂಚಿನಲ್ಲಿದೆ, ನಡುವೆ ಬರೀ ಗಾಳಿ. ಗೋಲಿಯ ತೂಕ ನಡುವಿನವರೆಗೂ ಹಂಚಿಕೊಂಡಿದೆ. ನಡುವಿನಿಂದ ದೂರ ಇರುವ ತೂಕವನ್ನು ತಿರುಗಿಸುವುದು ಕಷ್ಟ. ಒಮ್ಮೆ ತಿರುಗಿದರೆ ನಿಲ್ಲಿಸುವುದೂ ಅಷ್ಟೇ ಕಷ್ಟ. ಕುಂಬಾರರ ತಿಗುರಿ ನೋಡಿದ್ದೀರಾ? ಅಗಲವಾಗಿ, ಅಂಚು ಭಾರವಾಗಿ ಇರುತ್ತದೆ. ಕೋಲಿನಿಂದ ನಾಲ್ಕು ಸಲ ಜೋರಾಗಿ ತಿರುಗಿಸಿಬಿಟ್ಟರೆ ಆಮೇಲೆ ಎರಡೂ ಕೈ ಮಣ್ಣಿಗೇ. ತೂಕ ಎಲ್ಲಿಡಬೇಕು ಅಂತ ಅವರಿಗೆ ಯಾರೂ ಸೂತ್ರ ಬರೆದು ಕೊಟ್ಟಿರಲಿಲ್ಲ.

ಎರಡನೇ ಆಟಕ್ಕೆ ಒಂದು ತಿರುಗುವ ಕುರ್ಚಿ ಬೇಕು. ಹೆಡ್ ಮಾಸ್ಟರ್ ರೂಮಿನದ್ದನ್ನೇ ಕೇಳಿ ತಂದಿದ್ದೇವೆ, ಜೋಪಾನ. ನೀನು ಬಾಪ್ಪ. ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದುಕೊಂಡು ಕೈ ಅಗಲ ಚಾಚು. ಕಾಲು ಎತ್ತಿಕೋ. ನಾನು ಮೆಲ್ಲಗೆ ತಿರುಗಿಸಿ ಬಿಡುತ್ತೇನೆ. ಉಳಿದವರು ಸುತ್ತು ಎಣಿಸಿ. ಈಗ ಕೈ ಎದೆಗೆ ಎಳೆದುಕೋ. ಅಯ್ಯೋ, ಹಿಡ್ಕೊಳ್ರೋ ಅವನನ್ನ!

ನಾನು ಮತ್ತೆ ತಳ್ಳಲಿಲ್ಲ. ಆದರೂ ಸುಮಾರು ಎರಡು ಪಟ್ಟು ಜೋರಾಯಿತು. ಬಾಟಲಿ ನಡುವಿನಿಂದ 80 ಸೆಂಟಿಮೀಟರ್ ದೂರದಲ್ಲಿತ್ತು, 20ಕ್ಕೆ ಬಂತು. ದೂರ ಕಾಲು ಭಾಗವಾದರೆ ಆ ಬಾಟಲಿಯ ಪಾಲಿನ ಸೋಮಾರಿತನ, ಅಂದರೆ ಅದನ್ನು ತಿರುಗಿಸಲು ಆಗುವ ಕಷ್ಟ, ಕಾಲು ಭಾಗವಲ್ಲ, ಹದಿನಾರನೇ ಒಂದು ಭಾಗ ಆಗುತ್ತದೆ. ಇವನ ಮೈ ಭಾರ ಹಾಗೇ ಇದ್ದದ್ದರಿಂದ ಒಟ್ಟು ವೇಗ ಹದಿನಾರು ಪಟ್ಟು ಆಗಲಿಲ್ಲ, ಪುಣ್ಯ. ಸೋಮಾರಿತನ ಇಳಿದಷ್ಟೂ ವೇಗ ಏರುತ್ತದೆ. ಎರಡನ್ನೂ ಗುಣಿಸಿದರೆ ಬರುವ ಲೆಕ್ಕ ಮಾತ್ರ ಬದಲಾಗುವುದಿಲ್ಲ. ಅದಕ್ಕೆ ಪುಸ್ತಕದಲ್ಲಿ ಕೋನೀಯ ಸಂವೇಗ ಅಂತ ಹೆಸರು. ಮುಂದೆ ಓದುತ್ತೀರಿ, ಈಗ ಹೆಸರಿಗೆ ಹೆದರಬೇಡಿ. ನಾನು ಅದನ್ನು ತಿರುಗಿನ ಗಂಟು ಅಂತ ಕರೆಯುತ್ತೇನೆ. ಹೊರಗಿನವರು ಯಾರೂ ಕೈ ಹಾಕದಿದ್ದರೆ ಆ ಗಂಟು ಕರಗುವುದೂ ಇಲ್ಲ, ಬೆಳೆಯುವುದೂ ಇಲ್ಲ. ಕೈ ಒಳಗೆ ಎಳೆಯುವಾಗ ಹೇಗನ್ನಿಸಿತು? "ಬಾಟ್ಲಿ ಆಚೆಗೆ ಎಳೀತಿತ್ತು ಸಾರ್." ಅದನ್ನು ಮೀರಿ ಎಳೆದುಕೊಂಡೆಯಲ್ಲ, ಆ ಶ್ರಮವೇ ಜೋರಾಗಿ ಬದಲಾದದ್ದು.

ಯಕ್ಷಗಾನದಲ್ಲಿ ಧೀಂಗಿಣ ಹೊಡೆಯುವುದನ್ನು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಅಷ್ಟು ವೇಷ ಕಟ್ಟಿಕೊಂಡು, ಮೈಯ ನಡುವಿನಿಂದ ದೂರಕ್ಕೆ ಅಷ್ಟೊಂದು ಭಾರ ಹೊತ್ತುಕೊಂಡು ಗಿರಗಿರ ತಿರುಗುವುದು ಬನಿಯನ್ ಹಾಕಿಕೊಂಡು ತಿರುಗಿದಷ್ಟು ಸುಲಭ ಅಲ್ಲ. ಚಪ್ಪಾಳೆ ಹೊಡೆಯುವಾಗ ಇದೂ ನೆನಪಿರಲಿ. ಇನ್ನೊಂದು ತುದಿಗೆ ಹೋದರೆ, ದೊಡ್ಡ ನಕ್ಷತ್ರ ಸಾಯುವಾಗ ಅದರ ನಡುಭಾಗ ಕುಸಿದು ಒಂದು ಊರಿನಷ್ಟು ಅಗಲಕ್ಕೆ, ಸುಮಾರು 20 ಕಿಲೋಮೀಟರಿಗೆ ಇಳಿಯುತ್ತದೆ. ಕೈ ಎಳೆದುಕೊಂಡದ್ದು ಇಲ್ಲಿ ನಕ್ಷತ್ರ. ಹಾಗೆ ಕುಸಿದವುಗಳಲ್ಲಿ ಒಂದು ಸೆಕೆಂಡಿಗೆ 716 ಸುತ್ತು ಹೊಡೆಯುತ್ತಿದೆ. ಪಕ್ಕದ ನಕ್ಷತ್ರದಿಂದ ಕಸಿದುಕೊಂಡ ವಸ್ತುವೂ ಅದನ್ನು ಇನ್ನಷ್ಟು ತಿರುಗಿಸಿದೆ ಅನ್ನಿ. ಮನೆಯ ಮಿಕ್ಸಿ ಖಾಲಿ ಓಡಿದರೂ ಸೆಕೆಂಡಿಗೆ 300 ಸುತ್ತಿನ ಆಸುಪಾಸು.

ಈಗ ಇವತ್ತಿನ ಮುಖ್ಯ ಸಾಮಾನು. ಹಳೇ ಸೈಕಲ್ಲಿನ ಮುಂದಿನ ಗಾಲಿ. ಆ್ಯಕ್ಸಲ್‌ನ ಎರಡೂ ಕಡೆ ಒಂದೊಂದು ಪೈಪಿನ ತುಂಡು ಸಿಕ್ಕಿಸಿ ಹಿಡಿ ಮಾಡಿದ್ದೇನೆ. ಒಂದು ಹಿಡಿಗೆ ಹಗ್ಗ ಕಟ್ಟಿ ಮೇಲಿನ ತೊಲೆಗೆ ನೇತುಹಾಕಿದ್ದೇನೆ. ಇನ್ನೊಂದು ಹಿಡಿ ನನ್ನ ಕೈಯಲ್ಲಿದೆ. ಗಾಲಿ ರಸ್ತೆಯಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ನಿಂತಿದೆ. ಕೈ ಬಿಟ್ಟರೆ ಏನಾಗುತ್ತದೆ? ಹೌದು, ಧಡಕ್ಕನೆ ವಾಲಿ ಹಗ್ಗದಲ್ಲಿ ಮಕಾಡೆ ನೇತಾಡುತ್ತದೆ. ಬಿಟ್ಟೆ, ಹಾಗೇ ಆಯಿತು.

ಮತ್ತೆ ನೆಟ್ಟಗೆ ಹಿಡಿದೆ. ಈಗ ಯಾರಾದರೂ ಟಯರನ್ನು ಅಂಗೈಯಿಂದ ಜೋರಾಗಿ ತಿರುಗಿಸಿ. ಇನ್ನೂ. ಇನ್ನೂ ಸ್ವಲ್ಪ. ಸಾಕು. ಎಲ್ಲರೂ ನನ್ನ ಕೈ ನೋಡಿ. ಬಿಡುತ್ತಿದ್ದೇನೆ.

(ಇಲ್ಲಿ ರೆಕಾರ್ಡಿಂಗಿನಲ್ಲಿ ಬರೀ ಗಲಾಟೆ. ಗಾಲಿ ಬೀಳಲಿಲ್ಲ. ಒಂದೇ ಹಗ್ಗದಲ್ಲಿ, ಒಂದೇ ಕಡೆ ಹಿಡಿದಿದ್ದರೂ, ನೆಟ್ಟಗೆ ನಿಂತುಕೊಂಡೇ ಹಗ್ಗದ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತಿತ್ತು.)

ಕೂತ್ಕೊಳ್ಳಿ, ಕೂತ್ಕೊಳ್ಳಿ. ನಾನು ಇದನ್ನು ನೂರಾರು ಸಲ ಮಾಡಿದ್ದೇನೆ, ಇವತ್ತಿಗೂ ಕೈ ಬಿಡುವ ಹೊತ್ತಿಗೆ ಬಿದ್ದೇಬಿಡುತ್ತದೆ ಅಂತ ಒಳಗೆ ಅನ್ನಿಸುತ್ತದೆ. ಇದರ ಗುಟ್ಟು ಹೇಳುತ್ತೇನೆ, ಸ್ವಲ್ಪ ನಿಧಾನ ಮಾಡಿಕೊಳ್ಳಿ, ಇವತ್ತಿನ ಮಾತಿನಲ್ಲಿ ಕಷ್ಟದ ಜಾಗ ಇದೊಂದೇ.

ಟಯರಿನ ಮೇಲೆ ಒಂದು ಇರುವೆ ಕೂತಿದೆ ಅಂತ ಇಟ್ಟುಕೊಳ್ಳಿ. ಗಾಲಿ ಬೀಳಬೇಕಾದರೆ ಅದರ ನೆತ್ತಿ ಹಗ್ಗದಿಂದ ಆಚೆಗೆ ವಾಲಬೇಕು, ಬುಡ ಹಗ್ಗದ ಕಡೆಗೆ ಬರಬೇಕು. ಅಂದರೆ ಇರುವೆ ನೆತ್ತಿಯ ಹತ್ತಿರ ಬಂದಾಗಲೆಲ್ಲ ಅದಕ್ಕೆ ಆಚೆಗೆ ಒಂದು ತಳ್ಳು ಬೀಳುತ್ತದೆ. ಆದರೆ ಆ ಇರುವೆ ನೆತ್ತಿಯಲ್ಲಿ ನಿಂತಿಲ್ಲ, ಓಡುತ್ತಿದೆ. ಓಡುತ್ತಿರುವ ಹುಡುಗನನ್ನು ಪಕ್ಕದಿಂದ ತಳ್ಳಿದರೆ ಅವನು ತಳ್ಳಿಸಿಕೊಂಡ ಜಾಗದಲ್ಲೇ ಬೀಳುತ್ತಾನಾ? ಇಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ಅಡ್ಡ ಬೀಳುತ್ತಾನೆ. ಇರುವೆಯದ್ದೂ ಅದೇ ಕಥೆ. ನೆತ್ತಿಯಲ್ಲಿ ತಳ್ಳಿಸಿಕೊಳ್ಳುತ್ತದೆ, ಆದರೆ ಆಚೆಗೆ ಸರಿಯುವುದು ಪೂರ್ತಿಯಾಗುವ ಹೊತ್ತಿಗೆ ಕಾಲು ಸುತ್ತು ಮುಗಿಸಿ ಗಾಲಿಯ ಮುಂಭಾಗಕ್ಕೆ ಬಂದಿರುತ್ತದೆ. ಹಾಗಾಗಿ ಆಚೆಗೆ ಹೋದದ್ದು ನೆತ್ತಿಯಲ್ಲ, ಮುಂಭಾಗ. ಬುಡದಲ್ಲಿ ಈಚೆಗೆ ತಳ್ಳಿಸಿಕೊಂಡ ಇನ್ನೊಂದು ಇರುವೆ ಕಾಲು ಸುತ್ತಾದ ಮೇಲೆ ಹಿಂಭಾಗಕ್ಕೆ ಬಂದಿರುತ್ತದೆ. ಅಲ್ಲಿ ಹಿಂಭಾಗ ಈಚೆಗೆ ಬಂತು. ಮುಂಭಾಗ ಆಚೆಗೆ, ಹಿಂಭಾಗ ಈಚೆಗೆ. ಸೈಕಲ್ ಹ್ಯಾಂಡಲ್ ತಿರುಗಿಸಿದಾಗ ಗಾಲಿ ಮಾಡುವುದೂ ಅದನ್ನೇ ಅಲ್ವಾ? ಕೆಳಕ್ಕೆ ಬೀಳಬೇಕಾಗಿದ್ದ ಗಾಲಿ ಪಕ್ಕಕ್ಕೆ ತಿರುಗಿಬಿಟ್ಟಿತು. ಭೂಮಿ ಎಳೆಯುತ್ತಲೇ ಇದೆ, ಗಾಲಿ ಪಕ್ಕಕ್ಕೆ ತಿರುಗುತ್ತಲೇ ಇದೆ. ಹಾಗಾಗಿ ಅದು ಹಗ್ಗವನ್ನು ಸುತ್ತು ಹಾಕುತ್ತದೆ.

ಅರ್ಥ ಆಗದವರು ಮನೆಯಲ್ಲಿ ಒಂದು ತಟ್ಟೆಯನ್ನು ನೆಟ್ಟಗೆ ಹಿಡಿದು, ಅಂಚಿನ ಮೇಲೆ ಬೆರಳು ಓಡಿಸಿಕೊಂಡು ಇನ್ನೊಮ್ಮೆ ಯೋಚಿಸಿ. ನನಗೂ ಕಾಲೇಜಿನಲ್ಲಿ ಮೊದಲ ಸಲಕ್ಕೆ ಅರ್ಥ ಆಗಿರಲಿಲ್ಲ. ಸೂತ್ರ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ, ಅಷ್ಟೇ. ಅರ್ಥ ಆದದ್ದು ಮೇಷ್ಟ್ರಾಗಿ ಆರು ವರ್ಷ ಆದ ಮೇಲೆ, ಈ ಗಾಲಿ ಕಟ್ಟಿದ ಮೇಲೆ.

ಈಗ ಚನ್ನಪಟ್ಟಣದ ಬುಗುರಿ. ಮೇಜಿನ ಮೇಲೆ ಸ್ವಲ್ಪ ವಾಲಿಸಿಯೇ ತಿರುಗಿಸುತ್ತೇನೆ. ಅದರ ತಲೆಯನ್ನೇ ನೋಡಿ. ತನ್ನ ಸುತ್ತ ತಾನು ಗಿರಗಿರ ತಿರುಗುತ್ತಿದೆ, ಅದರ ಜೊತೆಗೆ ತಲೆಯೂ ನಿಧಾನವಾಗಿ ಒಂದು ಸುತ್ತು ಬರೆಯುತ್ತಿದೆ. ಈ ಎರಡನೇ ಸುತ್ತೇ ಪಕ್ಕಕ್ಕೆ ಬೀಳುವುದು. ಇನ್ನೂ ಒಂದು ನೋಡಿ. ಬುಗುರಿ ಸುಸ್ತಾಗುತ್ತಾ ಬಂದ ಹಾಗೆ ತಲೆಯ ಸುತ್ತು ಜೋರಾಗುತ್ತಿದೆ, ದೊಡ್ಡದಾಗುತ್ತಿದೆ, ಬಿತ್ತು. ಉಲ್ಟಾ ಆಗಬೇಕಿತ್ತು ಅನ್ನಿಸುತ್ತದೆ ಅಲ್ವಾ? ಇರುವೆಯನ್ನು ನೆನಪಿಸಿಕೊಳ್ಳಿ. ಜೋರಾಗಿ ಓಡುವ ಇರುವೆ ತಳ್ಳು ಬೀಳುವ ಜಾಗದಲ್ಲಿ ಇರುವುದೇ ಕ್ಷಣ ಮಾತ್ರ, ಸಿಗುವ ತಳ್ಳು ಕಡಿಮೆ. ನಿಧಾನದ ಇರುವೆ ಅಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಜಾಸ್ತಿ ತಳ್ಳಿಸಿಕೊಳ್ಳುತ್ತದೆ.

ಇದೇ ಚಕ್ರವನ್ನು ಸರಿಯಾಗಿ ಚೌಕಟ್ಟಿನಲ್ಲಿ ಕೂರಿಸಿ, ಯಾವ ಕಡೆಯಿಂದಲೂ ಯಾರೂ ಅದರ ಅಚ್ಚನ್ನು, ಅಂದರೆ ಅದು ಯಾವ ಗೆರೆಯ ಸುತ್ತ ತಿರುಗುತ್ತದೋ ಅದನ್ನು, ತಿರುಚದ ಹಾಗೆ ಮಾಡಿದರೆ ಅದು ಒಂದೇ ದಿಕ್ಕು ತೋರಿಸುತ್ತಾ ಇರುತ್ತದೆ. ಫ್ರಾನ್ಸಿನ ಫೂಕೋ 1852ರಲ್ಲಿ ಅಂಥದ್ದನ್ನು ಮಾಡಿ ಗೈರೋಸ್ಕೋಪ್ ಅಂತ ಹೆಸರಿಟ್ಟ. ಚಕ್ರ ಅಲ್ಲಾಡದೆ ನಿಂತಿರುತ್ತದೆ, ಅದರ ಕೆಳಗೆ ಭೂಮಿ ತಿರುಗುವುದು ಕಾಣುತ್ತದೆ. ಹಬಲ್ ದೂರದರ್ಶಕದ ಒಳಗೆ ಇರುವ ಗೈರೋಸ್ಕೋಪಿನ ಚಕ್ರ ನಿಮಿಷಕ್ಕೆ 19,200 ಸುತ್ತು ತಿರುಗುತ್ತದೆ. ಎಲ್ಲಿ ನೋಡುತ್ತಿದ್ದೇನೆ ಅಂತ ದೂರದರ್ಶಕಕ್ಕೆ ಗೊತ್ತಾಗುವುದು ಅದರಿಂದ.

ಸಂಕ್ರಾಂತಿಗೆ ಎಳ್ಳುಬೆಲ್ಲ ಯಾವತ್ತು ಹಂಚಿದಿರಿ? ಜನವರಿ 14, ಕೆಲವು ವರ್ಷ 15. ಸಂಕ್ರಾಂತಿ ಅಂದರೆ ಉತ್ತರಾಯಣ, ಸೂರ್ಯ ಉತ್ತರಕ್ಕೆ ತಿರುಗುವ ದಿನ ಅಂತ ಮನೆಯಲ್ಲಿ ಹೇಳಿರುತ್ತಾರೆ. ಆದರೆ ಅಂಗಳದಲ್ಲಿ ಒಂದು ಕೋಲು ನೆಟ್ಟು ಮಧ್ಯಾಹ್ನದ ನೆರಳನ್ನು ದಿನಾ ಗುರುತು ಹಾಕಿ ನೋಡಿ. ನೆರಳು ಅತಿ ಉದ್ದ ಆಗಿ ವಾಪಸ್ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಸಂಕ್ರಾಂತಿಗಿಂತ ಮೂರು ವಾರಕ್ಕೂ ಮುಂಚೆ! ಪಂಚಾಂಗದವರು ಲೆಕ್ಕ ತಪ್ಪಿದ್ದಾರಾ? ಇಲ್ಲ. ಅವರು ಲೆಕ್ಕ ಹಾಕುವುದು ಸೂರ್ಯ ಮಕರ ರಾಶಿಗೆ, ಅಂದರೆ ಆಕಾಶದ ಒಂದು ನಕ್ಷತ್ರಗಳ ಜಾಗಕ್ಕೆ ಬರುವುದನ್ನು. ನೆರಳು ಹೇಳುವುದು ಭೂಮಿ ಯಾವ ಕಡೆ ವಾಲಿದೆ ಅನ್ನುವುದನ್ನು. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಆಮೇಲೆ ದೂರವಾದವು. ಯಾಕೆ ಅಂದರೆ, ಭೂಮಿ ಒಂದು ಬುಗುರಿ.

ಭೂಮಿ ಪೂರ್ತಿ ಗುಂಡಗಿಲ್ಲ. ತಿರುಗಿ ತಿರುಗಿ ನಡು ಸ್ವಲ್ಪ ಉಬ್ಬಿದೆ. ನಡುವಿನ ಅಡ್ಡಳತೆ ಧ್ರುವದಿಂದ ಧ್ರುವಕ್ಕೆ ಇರುವುದಕ್ಕಿಂತ ಸುಮಾರು 43 ಕಿಲೋಮೀಟರ್ ಜಾಸ್ತಿ. ಭೂಮಿ ವಾಲಿಕೊಂಡು ತಿರುಗುತ್ತದೆ ಅಂತ ಓದಿದ್ದೀರಿ. ಆ ಉಬ್ಬಿದ ಹೊಟ್ಟೆಯನ್ನು ಚಂದ್ರ, ಸೂರ್ಯ ಇಬ್ಬರೂ ಹಿಡಿದೆಳೆದು ನೆಟ್ಟಗೆ ಮಾಡಲು ನೋಡುತ್ತಾರೆ. ಭೂಮಿ ನೆಟ್ಟಗಾಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ, ಥೇಟ್ ಈ ಗಾಲಿಯ ಹಾಗೆ. ಒಂದು ವ್ಯತ್ಯಾಸ ಇದೆ. ಬುಗುರಿಯನ್ನು ಭೂಮಿ ಮಲಗಿಸಲು ನೋಡುತ್ತದೆ, ಭೂಮಿಯನ್ನು ಇವರು ಎಬ್ಬಿಸಲು ನೋಡುತ್ತಾರೆ. ಹಾಗಾಗಿ ಬುಗುರಿಯ ತಲೆ ಅದು ತಿರುಗುವ ದಿಕ್ಕಿಗೇ ಸುತ್ತು ಹಾಕಿದರೆ, ಭೂಮಿಯ ತಲೆ ಉಲ್ಟಾ ದಿಕ್ಕಿಗೆ ಹಾಕುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. 72 ವರ್ಷಕ್ಕೆ ಒಂದು ಡಿಗ್ರಿ. ಪಂಚಾಂಗದಲ್ಲಿ ಅಯನಾಂಶ ಅಂತ ಒಂದು ಸಂಖ್ಯೆ ಇರುತ್ತದಲ್ಲ, ಅದು ಇದೇ. ಈಗ ಸುಮಾರು 24 ಡಿಗ್ರಿ.

ನಿಮ್ಮ ಕಣ್ಣೆದುರಿಗೇ ಇದಕ್ಕೆ ಸಾಕ್ಷಿ ಇದೆ. ಸ್ವಾಮಿ ವಿವೇಕಾನಂದರ ಜಯಂತಿ ಅಂತ ಜನವರಿ 12ಕ್ಕೆ ಶಾಲೆಯಲ್ಲಿ ಭಾಷಣ ಮಾಡುತ್ತೀರಿ. ಅವರು ಹುಟ್ಟಿದ್ದು 1863ರಲ್ಲಿ, ಮಕರ ಸಂಕ್ರಾಂತಿಯ ದಿನ. ಆಗ ಸಂಕ್ರಾಂತಿ 12ಕ್ಕೆ ಇತ್ತು! ನೂರರವತ್ತು ವರ್ಷದಲ್ಲಿ ಎರಡು ದಿನ ಜಾರಿದೆ. ಹೀಗೇ ಜಾರುತ್ತಾ ಹೋದರೆ ಮುಂದೆ ಯಾವತ್ತೋ ಎಳ್ಳುಬೆಲ್ಲವನ್ನು ಬಿರುಬಿಸಿಲಿನಲ್ಲಿ ಹಂಚಬೇಕಾಗುತ್ತದೆ. ಬೆಲ್ಲ ಕೈಗೆ ಅಂಟುತ್ತದೆ, ಇರಲಿ. ಧ್ರುವ ನಕ್ಷತ್ರದ್ದೂ ಇದೇ ಪಾಡು. ಕದಲದವನು ಅಂತ ಹೆಸರು, ಆದರೆ ಭೂಮಿಯ ತಲೆ ಅವನ ಕಡೆ ತೋರಿಸುತ್ತಿರುವುದು ಈ ಕಾಲಕ್ಕೆ ಮಾತ್ರ. ಇನ್ನು 12,000 ವರ್ಷ ಕಳೆದರೆ ಧ್ರುವದ ಹತ್ತಿರ ಅಭಿಜಿತ್ ನಕ್ಷತ್ರ ಇರುತ್ತದೆ.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿ ಸಂಜೆ ಬಿಸಿಲು ಒಳಗೆ ಬರುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಸೂರ್ಯ ಡಿಸೆಂಬರ್ 21ಕ್ಕೆ ತುದಿ ಮುಟ್ಟಿ ಬಂದ ದಾರಿಯಲ್ಲೇ ವಾಪಸ್ ಹೋಗುವುದರಿಂದ, ಸಂಕ್ರಾಂತಿ ದಿನ ಎಲ್ಲಿ ಮುಳುಗುತ್ತಾನೋ ನವೆಂಬರ್ ಕೊನೆಯ ವಾರದಲ್ಲೂ ಅಲ್ಲೇ ಮುಳುಗಬೇಕು. ಆಗ ಕ್ಯಾಮೆರಾದವರು ಬರುವುದಿಲ್ಲ, ಅಷ್ಟೇ.

ಬೆಂಗಳೂರು ಅಂದ ಕೂಡಲೇ ಪೀಣ್ಯ ನೆನಪಾಯಿತು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಪೀಣ್ಯದ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್ಟಿನಲ್ಲಿ ಹೋಯಿತು. 360 ಕೆಜಿ, 26 ಮುಖ, ಹೆಚ್ಚುಕಮ್ಮಿ ಒಂದು ದೊಡ್ಡ ಬುಗುರಿ. ಅದನ್ನು ಆಕಾಶದಲ್ಲಿ ಓಲಾಡದ ಹಾಗೆ ಹಿಡಿದಿಟ್ಟದ್ದೂ ತಿರುಗೇ. ಗ್ಯಾಸ್ ಚಿಮ್ಮಿಸಿ ತಿರುಗಿಸುತ್ತಿದ್ದರು. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಕೂಡ ಹೀಗೇ ತಿರುಗಿಕೊಂಡು ಹೋಯಿತು, 1958ರಲ್ಲಿ. ಅದು ಪೆನ್ಸಿಲ್ಲಿನ ಹಾಗೆ ಉದ್ದ. ಪೆನ್ಸಿಲ್ಲನ್ನು ಎರಡು ಅಂಗೈ ನಡುವೆ ಹೊಸೆದ ಹಾಗೆ ತಿರುಗಿಸಿ ಬಿಟ್ಟಿದ್ದರು. ಸ್ವಲ್ಪ ಹೊತ್ತಿಗೇ ಅದು ಮಗುಚಿಕೊಂಡು, ಅಡ್ಡಡ್ಡ, ಫ್ಯಾನಿನ ರೆಕ್ಕೆಯ ಹಾಗೆ ತಿರುಗತೊಡಗಿತು. ಯಾರೂ ತಳ್ಳಿರಲಿಲ್ಲ. ಕಾರಣ ಏನು ಅನ್ನುವುದನ್ನು ಎರಡು ಮೊಟ್ಟೆ ತೋರಿಸುತ್ತವೆ.

ಒಂದು ಬೇಯಿಸಿದ್ದು, ಒಂದು ಹಸಿ. ಮೊಟ್ಟೆ ಮುಟ್ಟದವರು ದೂರದಿಂದ ನೋಡಿ, ಪರವಾಗಿಲ್ಲ. ಎರಡನ್ನೂ ತಿರುಗಿಸುತ್ತೇನೆ. ಬೆಂದದ್ದು ಸಲೀಸಾಗಿ ತಿರುಗುತ್ತದೆ, ಹಸಿಯದ್ದು ಮುಲುಗುತ್ತದೆ. ಈಗ ಎರಡನ್ನೂ ಬೆರಳಿನಿಂದ ಒತ್ತಿ ನಿಲ್ಲಿಸಿ ತಕ್ಷಣ ಕೈ ತೆಗೆದೆ. ಹಸಿ ಮೊಟ್ಟೆ ಮತ್ತೆ ತಾನಾಗಿ ತಿರುಗಿತು, ನೋಡಿದಿರಾ? ನಾನು ನಿಲ್ಲಿಸಿದ್ದು ಚಿಪ್ಪನ್ನು ಮಾತ್ರ. ಒಳಗಿನ ಲೋಳೆ ತಿರುಗುತ್ತಲೇ ಇತ್ತು. ಒಳಗೆ ಹೀಗೆ ಅಲ್ಲಾಡುವ, ಬಾಗುವ ಭಾಗ ಇದ್ದರೆ ತಿರುಗುವ ಶಕ್ತಿ ಉಜ್ಜಾಟದಲ್ಲಿ ಬಿಸಿಯಾಗಿ ಸೋರಿಹೋಗುತ್ತದೆ. ಎಕ್ಸ್‌ಪ್ಲೋರರಿಗೆ ಬಾಗುವ ತಂತಿಯಂಥ ಆಂಟೆನಾ ಇದ್ದವು, ಶಕ್ತಿ ಅವುಗಳಲ್ಲಿ ಸೋರಿತು. ಆದರೆ ತಿರುಗಿನ ಗಂಟು ಸೋರುವ ಹಾಗಿಲ್ಲವಲ್ಲ, ಆಕಾಶದಲ್ಲಿ ಹೊರಗಿನವರು ಯಾರೂ ಇಲ್ಲ. ಗಂಟು ಅಷ್ಟೇ ಇರಬೇಕು, ಶಕ್ತಿ ಕಡಿಮೆ ಆಗಬೇಕು. ಅದಕ್ಕಿರುವುದು ಒಂದೇ ದಾರಿ, ತೂಕ ನಡುವಿನಿಂದ ದೂರ ಹೋಗುವ ಹಾಗೆ ನಿಧಾನವಾಗಿ ತಿರುಗುವುದು. ಪೆನ್ಸಿಲ್ ಅಡ್ಡಡ್ಡ ತಿರುಗಿದರೆ ಅದೇ ಆಗುತ್ತದೆ. ಕುರ್ಚಿಯ ಮೇಲೆ ಕೂತವನು ಕೈ ಚಾಚಿದ ಹಾಗೆ.

ಅಂದ ಹಾಗೆ ಬೆಂದ ಮೊಟ್ಟೆಯನ್ನು ಜೋರಾಗಿ ತಿರುಗಿಸಿದರೆ ಎದ್ದು ತುದಿಯ ಮೇಲೆ ನಿಲ್ಲುತ್ತದೆ. ಇದರ ಪೂರ್ತಿ ಗಣಿತ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂದದ್ದು 2002ರಲ್ಲಿ. ನಮ್ಮಜ್ಜಿ ಕಾಲದ ಮೊಟ್ಟೆಗೆ ನಿನ್ನೆ ಮೊನ್ನೆಯ ಲೆಕ್ಕ.

ಕ್ರಿಕೆಟ್ ಬಗ್ಗೆ ಹೇಳದಿದ್ದರೆ ಹಿಂದಿನ ಬೆಂಚಿನವರು ಬಿಡುವುದಿಲ್ಲ. ಸ್ಪಿನ್ ಬಗ್ಗೆ ಹೇಳುತ್ತೇನೆ ಅಂದುಕೊಂಡಿರಿ, ನಾನು ಹೇಳುವುದು ಫಾಸ್ಟ್ ಬೌಲರ್ ಬಗ್ಗೆ. ಶ್ರೀನಾಥ್ ಹಾಕಿದ ಚೆಂಡಿನ ಹೊಲಿಗೆ ಬ್ಯಾಟ್ಸ್‌ಮನ್ ತನಕ ನೆಟ್ಟಗೆ ನಿಂತಿರುತ್ತಿತ್ತು. ಬೆರಳಿನಿಂದ ಬಿಡುವಾಗ ಚೆಂಡಿಗೆ ಹಿಮ್ಮುಖವಾಗಿ ಒಂದು ತಿರುಗು ಕೊಡುತ್ತಾರೆ, ಹೊಲಿಗೆಯೇ ಗಾಲಿಯ ಟಯರ್ ಇದ್ದ ಹಾಗೆ. ಆ ತಿರುಗು ಇಲ್ಲದಿದ್ದರೆ ಹೊಲಿಗೆ ಅಡ್ಡಾದಿಡ್ಡಿ ಆಗಿ ಸ್ವಿಂಗ್ ಕೆಡುತ್ತದೆ. ಇದೂ ಗೈರೋಸ್ಕೋಪೇ.

ಹಾಗಾದರೆ ಸೈಕಲ್ ಬೀಳದಿರುವುದೂ ಇದರಿಂದಲೇನಾ? ನಾನು ತುಂಬಾ ವರ್ಷ ಹೌದು ಅಂತಲೇ ಪಾಠ ಮಾಡಿದೆ. ತಪ್ಪು. 1970ರಲ್ಲಿ ಇಂಗ್ಲೆಂಡಿನ ಡೇವಿಡ್ ಜೋನ್ಸ್ ಮುಂದಿನ ಗಾಲಿಯ ಪಕ್ಕದಲ್ಲಿ ಉಲ್ಟಾ ತಿರುಗುವ ಇನ್ನೊಂದು ಗಾಲಿ ಕೂರಿಸಿ ಒಂದರ ಪರಿಣಾಮ ಇನ್ನೊಂದು ಹೊಡೆದುಹಾಕುವ ಹಾಗೆ ಮಾಡಿದ. ಸೈಕಲ್ ತುಳಿಯಲು ಏನೂ ತೊಂದರೆ ಆಗಲಿಲ್ಲ. 2011ರಲ್ಲಿ ಬೇರೊಂದು ತಂಡ, ಗೈರೋಸ್ಕೋಪಿನ ಪರಿಣಾಮ ಇಲ್ಲದೆಯೂ ತಾನಾಗಿ ನೆಟ್ಟಗೆ ಓಡುವ ಸೈಕಲ್ಲಿನ ಮಾದರಿ ಮಾಡಿ ತೋರಿಸಿತು. ಗಾಲಿಯ ತಿರುಗು ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ನಿಜವಾದ ಕೆಲಸ ಹ್ಯಾಂಡಲ್‌ನದು. ಯಾವ ಕಡೆ ಬೀಳುತ್ತೇವೋ ಆ ಕಡೆಗೇ ತಿರುಗಿಸುತ್ತೇವೆ. ಹ್ಯಾಂಡಲ್ ಲಾಕ್ ಮಾಡಿ ಓಡಿಸಿ ನೋಡಿ ಅನ್ನಲು ಹೊರಟಿದ್ದೆ, ಬೇಡ, ನೋಡಬೇಡಿ.

ಕೊನೆಯದಾಗಿ ಒಂದು ಆಟ, ಇದಕ್ಕೆ ನಿಮ್ಮ ಪಠ್ಯಪುಸ್ತಕ ಸಾಕು. ಮೊಬೈಲ್ ಬೇಡ. ನಾನು ಮೊಬೈಲಿನಲ್ಲಿ ತೋರಿಸಲು ಹೋಗಿ ಸ್ಕ್ರೀನ್ ಒಡೆದುಕೊಂಡಿದ್ದೇನೆ. ಪುಸ್ತಕ ಬಿಚ್ಚಿಕೊಳ್ಳದ ಹಾಗೆ ರಬ್ಬರ್ ಬ್ಯಾಂಡ್ ಹಾಕಿ. ಮೂರು ಬಗೆಯಲ್ಲಿ ತಿರುಗಿಸಿ ಮೇಲಕ್ಕೆ ಎಸೆಯಬಹುದು. ತಟ್ಟೆಯ ಹಾಗೆ, ಪೆನ್ಸಿಲ್ ಹೊಸೆದ ಹಾಗೆ, ಇನ್ನೊಂದು ದೋಸೆ ಮಗುಚಿದ ಹಾಗೆ. ಮೊದಲ ಎರಡು ಚೆನ್ನಾಗಿ ತಿರುಗಿ ಹೋದ ಹಾಗೇ ಕೈಗೆ ಬರುತ್ತವೆ. ಮೂರನೆಯದು ಎಷ್ಟೇ ನಾಜೂಕಾಗಿ ಎಸೆದರೂ ಮಧ್ಯದಲ್ಲಿ ಒಂದು ತಿರುವು ಹೊಡೆದು ಉಲ್ಟಾ ಬರುತ್ತದೆ. ತಿರುಗಲು ಅತಿ ಸುಲಭದ ಅಚ್ಚು ಪೆನ್ಸಿಲ್ ಬಗೆಯದ್ದು, ಅತಿ ಕಷ್ಟದ ಅಚ್ಚು ತಟ್ಟೆ ಬಗೆಯದ್ದು, ಎರಡೂ ಗಟ್ಟಿ. ನಡುವಿನದ್ದಕ್ಕೆ ನೆಲೆ ಇಲ್ಲ. 1985ರಲ್ಲಿ ಸಲ್ಯೂತ್ 7 ಬಾಹ್ಯಾಕಾಶ ನಿಲ್ದಾಣದಲ್ಲಿ ಸೋವಿಯತ್ ಗಗನಯಾತ್ರಿ ವ್ಲಾದಿಮಿರ್ ಜಾನಿಬೆಕೋವ್ ಎರಡು ಕಿವಿ ಇರುವ ನಟ್ಟೊಂದನ್ನು ಬಿಚ್ಚುವಾಗ ಅದು ಬೋಲ್ಟಿನಿಂದ ಹಾರಿ, ತಿರುಗುತ್ತಾ ತೇಲುತ್ತಾ, ಸ್ವಲ್ಪ ಹೊತ್ತಿಗೊಮ್ಮೆ ತಾನಾಗಿ ಲಾಗ ಹೊಡೆಯುವುದನ್ನು ನೋಡಿ ದಂಗಾದ. ಭೂಮಿಯೂ ಹೀಗೆ ಮಗುಚಿಕೊಳ್ಳುತ್ತದೆ ಅಂತ ಯೂಟ್ಯೂಬಿನಲ್ಲಿ ಹೆದರಿಸುತ್ತಾರೆ, ನಂಬಬೇಡಿ. ಆ ಉಬ್ಬಿದ ಹೊಟ್ಟೆ ಇದೆಯಲ್ಲ, ಅದರಿಂದಾಗಿ ಭೂಮಿ ತಿರುಗುತ್ತಿರುವುದು ಅತಿ ಕಷ್ಟದ ಅಚ್ಚಿನ ಮೇಲೆ. ಅದು ಗಟ್ಟಿ ಅಚ್ಚು.

ಪ್ರಶ್ನೆ ಇದ್ದರೆ ಕೇಳಿ. ಹಾಂ, ನೀನು ಕೇಳಮ್ಮ. "ತಿರುಗಿನ ಗಂಟು ಕರಗಲ್ಲ ಅಂದ್ರಿ. ಬುಗುರಿ ನಿಂತುಹೋಯ್ತಲ್ಲ, ಅದರ ಗಂಟು ಎಲ್ಲಿಗೆ ಹೋಯ್ತು?"

ಇದನ್ನು ಯಾರೂ ಕೇಳದಿದ್ದರೆ ನಾನೇ ಕೇಳೋಣ ಅಂತಿದ್ದೆ. ಬುಗುರಿಯ ಮೊಳೆ ನೆಲಕ್ಕೆ ಉಜ್ಜುತ್ತದೆ, ಅಂದರೆ ನೆಲವನ್ನು ತನ್ನ ದಿಕ್ಕಿಗೆ ಒಂಚೂರು ತಿರುಚುತ್ತದೆ. ನೆಲ ಅಂದರೆ ಭೂಮಿ. ಗಂಟು ಭೂಮಿಗೆ ಹೋಯಿತು. ಭೂಮಿ ಎಷ್ಟು ದೊಡ್ಡದು ಅಂದರೆ ಯಾವ ಗಡಿಯಾರಕ್ಕೂ ಗೊತ್ತಾಗುವುದಿಲ್ಲ. ಆದರೆ ಚಾಟಿ ಬೀಸುವಾಗ ನಿನ್ನ ಕಾಲು ಭೂಮಿಯನ್ನು ಉಲ್ಟಾ ದಿಕ್ಕಿಗೆ ಅಷ್ಟೇ ತಿರುಚಿತ್ತು. ಆಗ ತೆಗೆದುಕೊಂಡ ಸಾಲ, ಬುಗುರಿ ನಿಂತಾಗ ಚುಕ್ತಾ. ನಂಬಿಕೆ ಬರಲಿಲ್ಲವಾ? ಬಾ, ಕುರ್ಚಿಯಲ್ಲಿ ಕೂತ್ಕೋ. ಕಾಲು ಎತ್ತಿಕೋ, ಈಗ ನೀನು ನೆಲಕ್ಕೆ ತಗುಲಿಲ್ಲ. ಹಗ್ಗ ಬಿಚ್ಚಿದ ಗಾಲಿಯನ್ನು ನಾನು ತಿರುಗಿಸಿ ನಿನ್ನ ಕೈಗೆ ಕೊಡುತ್ತೇನೆ, ಟಯರ್ ತಟ್ಟೆಯ ಹಾಗೆ ಮಲಗಿರಲಿ. ಗಟ್ಟಿಯಾಗಿ ಹಿಡಿದುಕೋ. ಈಗ ಗಾಲಿಯನ್ನು ಮೇಲೆ ಕೆಳಗೆ ಮಗುಚು.

ನೋಡಿ, ಕುರ್ಚಿ ತಿರುಗಿತು! ವಾಪಸ್ ಮಗುಚು. ನಿಂತಿತು. ಗಂಟು ಗಾಲಿಯಿಂದ ಇವಳಿಗೆ, ಇವಳಿಂದ ಗಾಲಿಗೆ. ಉಪಗ್ರಹಗಳು ಈಗ ತಿರುಗಿ ನೋಡುವುದು ಸುಮಾರಾಗಿ ಹೀಗೇ, ಒಳಗಿನ ಚಕ್ರಗಳ ಜೊತೆ ಗಂಟು ಹಂಚಿಕೊಂಡು.

ಬೆಲ್ ಆದರೂ ಪರವಾಗಿಲ್ಲ, ಹೆಡ್ ಮಾಸ್ಟರನ್ನು ಕೇಳಿದ್ದೇನೆ, ಕುರ್ಚಿ ಸಂಜೆ ತನಕ ನಮ್ಮದೇ. ಸಾಲಾಗಿ ಬನ್ನಿ. ಜಡೆ ಇರುವವರು ಹಿಂದಕ್ಕೆ ಕಟ್ಟಿಕೊಳ್ಳಿ, ಕಡ್ಡಿಗಳ ಹತ್ತಿರ ಬೆರಳು ತರಬೇಡಿ. ಯಾರು ಮೊದಲು?